ತೂಕವಿಲ್ಲದ ಊರಿಗೊಂದು ಕಕ್ಕಸು

ನನ್ನ ಅಕ್ಕ ಗಗನನೌಕೆಗೆ ಕಕ್ಕಸು ಮಾಡುವ ಎಂಜಿನಿಯರು. ನಮ್ಮ ಮನೆಯಲ್ಲಿ ಇದನ್ನು ಇಷ್ಟು ಸಲೀಸಾಗಿ ಹೇಳುತ್ತಿದ್ದವಳು ಅವಳೊಬ್ಬಳೇ. ಯಾರಾದರೂ ಕೇಳಿದರೆ ಅಮ್ಮ, "ದೊಡ್ಡವಳು ರಾಕೆಟ್ ಆಫೀಸಲ್ಲಿದಾಳೆ" ಎಂದು ಮಾತು ಮುಗಿಸುತ್ತಿದ್ದಳು. ಭಾವ ಒಂದು ಹೆಜ್ಜೆ ಮುಂದೆ ಹೋಗಿ, "ಗಾಳಿ-ನೀರಿನ ವ್ಯವಸ್ಥೆ ನೋಡ್ಕೋತಾಳೆ" ಎನ್ನುತ್ತಿದ್ದರು. ಅಷ್ಟರಲ್ಲಿ ಅಕ್ಕ ಎಲ್ಲಿದ್ದರೂ ಓಡಿಬಂದು, "ಕಕ್ಕಸು ರೀ, ಕಕ್ಕಸು! ಮೇಲೆ ಹೋದೋರಿಗೂ ಹೊಟ್ಟೆ ಇರಲ್ವಾ?" ಎಂದು ಗಟ್ಟಿಯಾಗಿ ನಕ್ಕುಬಿಡುವಳು.

ನಾವು ಬೆಳೆದದ್ದು ಸೈಕಲ್ ರಿಪೇರಿ ಅಂಗಡಿಯ ಮೇಲೆ, ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ. ನಾವಿಬ್ಬರೂ ಚಿಕ್ಕವರಿದ್ದಾಗಲೇ ಅಪ್ಪ ತೀರಿಕೊಂಡಿದ್ದರಿಂದ ಅಮ್ಮ ಬೇಕರಿಯೊಂದರಲ್ಲಿ ಹಿಟ್ಟು ನಾದುವ ಕೆಲಸಕ್ಕೆ ಸೇರಿದ್ದಳು. ಅವಳ ಮುಂಗೈ ಕುಸ್ತಿ ಆಡುವವರ ಕೈಯಂತೆ ಗಟ್ಟಿಯಾಗಿತ್ತು. ಮೂರನೇ ಮಹಡಿಗೆ ನೀರು ಹತ್ತುತ್ತಿದ್ದುದು ಕೆಳಗಿನ ಪಂಪಿಗೆ ಮನಸ್ಸು ಬಂದಾಗ ಮಾತ್ರ. ಉಳಿದ ಹುಡುಗಿಯರು ಅಂಗಳದಲ್ಲಿ ಹಗ್ಗ ಹಾರುತ್ತಿದ್ದರೆ ಅಕ್ಕ ನೆಲಮಾಳಿಗೆಯಲ್ಲಿ ಆ ಪಂಪಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅದು ನೀರು ಬಿಟ್ಟು ಗಾಳಿ ಯಾಕೆ ಕುಡಿಯುತ್ತಿದೆ ಎಂದು ಕಿವಿಗೊಡುತ್ತಿದ್ದಳು. ಅಲ್ಲಿಂದ ಅವಳನ್ನು ಎಬ್ಬಿಸಬೇಕಾದರೆ ಕಿವಿ ಹಿಡಿದೇ ಎಳೆದು ತರಬೇಕಿತ್ತು.

ಓದು ಮುಗಿಸಿ ಪಂಪು ತಯಾರಿಸುವ ಕಾರ್ಖಾನೆಗೆ ಸೇರಿದಳು. ಪಿಟೀಲು ಕಲಿಸುವ ಮೇಷ್ಟ್ರೊಬ್ಬರನ್ನು ಮೆಚ್ಚಿ ಮದುವೆಯಾದಳು. ಅವರೇ ನನ್ನ ಭಾವ. ಮನುಷ್ಯರನ್ನು ಕೂರಿಸಿಕೊಂಡು ಹೋಗುವ ನೌಕೆ ಕಟ್ಟಲು ಜನ ಬೇಕಾಗಿದ್ದಾರೆ ಎಂದು ತಿಳಿದಾಗ ಅರ್ಜಿ ಹಾಕಿದಳು. ಆಯ್ಕೆಯೂ ಆಯಿತು. ನಮ್ಮಮ್ಮ ಆ ದಿನ ಇಡೀ ಬೇಕರಿಗೆ ಸಿಹಿ ಹಂಚಿದಳು.

ಅಲ್ಲಿ ಅಕ್ಕನ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಹಿಂದಿನಿಂದ 'ಗ್ರಾಂ ಸಾಹೇಬರು' ಎನ್ನುತ್ತಿದ್ದರು. ನೌಕೆಯೊಳಗೆ ಹೋಗುವ ಒಂದೊಂದು ತಿರುಪಿನ ತೂಕಕ್ಕೂ ಜಗಳವಾಡುವ ಮನುಷ್ಯ. ಸೇರಿದ ಮೊದಲ ವಾರವೇ ಅವರು ಎಲ್ಲರನ್ನೂ ಕೂರಿಸಿ ಕೆಲಸ ಹಂಚಿದರು. ಕಿಟಕಿ ಒಬ್ಬರಿಗೆ ಹೋಯಿತು, ಆಸನ ಇನ್ನೊಬ್ಬರಿಗೆ. ಅಕ್ಕ ನೌಕೆಯ ಬಾಗಿಲು ಬೇಕೆಂದು ಕೇಳಿಕೊಂಡಿದ್ದಳು. ಅವಳ ಸರದಿ ಬಂದಾಗ ಸಾಹೇಬರು ಕನ್ನಡಕ ಸರಿಮಾಡಿಕೊಂಡು, "ನೀವು ಪಂಪಿನ ಕಾರ್ಖಾನೆಯಿಂದ ಬಂದೋರಲ್ವಾ? ಶೌಚಾಲಯ ನಿಮ್ಮದು" ಎಂದರು. ಕೋಣೆಯಲ್ಲಿ ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಆದರೆ ಸಂಜೆ ನನಗೆ ಫೋನ್ ಮಾಡಿದಾಗ ದನಿ ಇಳಿದಿತ್ತು.

"ಬಾಗಿಲು ಕೇಳಿದ್ದೆ ಕಣೇ. ಬಚ್ಚಲು ಕೊಟ್ರು."

"ಬೇಡ ಅನ್ನು."

"ಬೇಡ ಅಂದ್ರೆ ಇನ್ಯಾರಿಗಾದ್ರೂ ಕೊಡ್ತಾರೆ. ಅವರು ಕೆಟ್ಟದಾಗಿ ಮಾಡಿದ್ರೆ ಮೇಲಿರೋರ ಗತಿ?"

ಮುಂದಿನ ಸಲ ಅಮ್ಮನೂ ನಾನೂ ಅವಳ ಮನೆಗೆ ಹೋದಾಗ ಬಾಗಿಲಿನ ಮಾತೇ ಇರಲಿಲ್ಲ. ಊಟದ ಮೇಜಿನ ಮೇಲೆ ಲೋಟ, ಸೋಸುವ ಜರಡಿ, ಭಾವನ ಕರವಸ್ತ್ರ ಎಲ್ಲವನ್ನೂ ಹರಡಿಕೊಂಡು ನನಗೆ ಪಾಠ ಶುರು ಮಾಡಿದಳು.

"ನೋಡು, ಇಲ್ಲಿ ಅರ್ಧ ಕೆಲಸ ಭೂಮಿತಾಯಿ ಮಾಡ್ಕೊಡ್ತಾಳೆ. ಬಿಟ್ಟಿದ್ದು ಕೆಳಗೆ ಬೀಳುತ್ತೆ, ನೀರು ಹಾಕಿದ್ರೆ ಹೋಗುತ್ತೆ. ಅಲ್ಲಿ 'ಕೆಳಗೆ' ಅನ್ನೋದೇ ಇಲ್ಲ. ಬಿಟ್ಟಿದ್ದು ಬಿಟ್ಟಲ್ಲೇ ಇರುತ್ತೆ, ಇಲ್ಲಾ ಅವರನ್ನೇ ಹುಡುಕ್ಕೊಂಡು ಬರುತ್ತೆ."

"ಊಟದ ಹೊತ್ತಲ್ಲಿ ಬೇರೆ ಮಾತೇ ಇಲ್ವೇನೇ ನಿಂಗೆ?" ಎಂದು ಅಮ್ಮ ಗದರಿದಳು.

ಅಕ್ಕ ನಿಲ್ಲಿಸಲಿಲ್ಲ. ಬೀಳಿಸುವುದಕ್ಕೆ ತೂಕ ಇಲ್ಲದಿದ್ದರೆ ಗಾಳಿಯಿಂದ ಎಳೆಯಬೇಕು, ಅದಕ್ಕೊಂದು ಫ್ಯಾನು. ಆದರೆ ಎಳೆದ ಗಾಳಿಯನ್ನು ಹೊರಗೆ ಚೆಲ್ಲುವಂತಿಲ್ಲ, ಅದು ಅವರು ಉಸಿರಾಡುವ ಗಾಳಿ. ನೀರು ಬೇರೆ, ಗಾಳಿ ಬೇರೆ ಮಾಡಿ, ಗಾಳಿಯ ವಾಸನೆ ತೆಗೆದು ವಾಪಸು ಕೊಡಬೇಕು. ನಮ್ಮ ಬಟ್ಟೆ ಒಗೆಯುವ ಯಂತ್ರದಲ್ಲಿ ಬಟ್ಟೆ ಗಿರಗಿರ ತಿರುಗುವಾಗ ನೀರು ಗೋಡೆಗೆ ಸಿಡಿಯುತ್ತದಲ್ಲ, ಹಾಗೆ ಒಂದು ಸಣ್ಣ ಡ್ರಮ್ಮು ತಿರುಗಿಸಿದರೆ ನೀರು ಅಂಚಿಗೆ ಹೋಗುತ್ತದೆ, ಗಾಳಿ ನಡುವಿನಿಂದ ಇದ್ದಿಲಿನ ಸೋಸುಕದ ಮೂಲಕ ಹೊರಬರುತ್ತದೆ. ಹೇಳುವುದಕ್ಕೆ ಇಷ್ಟೇ. ಮಾಡಹೊರಟರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗುತ್ತಿತ್ತು. ಡ್ರಮ್ಮು ಜೋರಾಗಿ ತಿರುಗಿದರೆ ಸದ್ದು, ಮೆಲ್ಲಗಾದರೆ ಸೋರಿಕೆ. ಎರಡನ್ನೂ ಸರಿಮಾಡಿದರೆ ತೂಕ ಹೆಚ್ಚಾಯಿತೆಂದು ಗ್ರಾಂ ಸಾಹೇಬರು ತಕ್ಕಡಿ ಹಿಡಿದು ನಿಲ್ಲುತ್ತಿದ್ದರು.

ಪರೀಕ್ಷೆ ಮಾಡಲು ನಿಜವಾದ ಸರಕು ಬಳಸುವಂತಿರಲಿಲ್ಲ. ಅದರ ಹದಕ್ಕೆ ಹೊಂದುವ ಯಾವುದಾದರೂ ಹಿಟ್ಟು ಬೇಕಿತ್ತು. ಪ್ರಯೋಗಾಲಯದವರು ಕಲಸಿದ್ದು ಒಂದು ದಿನ ಗಂಜಿಯಂತಾದರೆ ಇನ್ನೊಂದು ದಿನ ಇಟ್ಟಿಗೆಯಂತಾಗುತ್ತಿತ್ತು. ಅಕ್ಕ ಒಂದು ಭಾನುವಾರ ಅಮ್ಮನನ್ನೂ ನನ್ನನ್ನೂ ತನ್ನ ಮನೆಗೆ ಕರೆಸಿಕೊಂಡು, "ಅಮ್ಮಾ, ಎಷ್ಟು ಸಲ ಮಾಡಿದ್ರೂ ಒಂದೇ ಹದ ಬರೋ ಹಾಗೆ ಹಿಟ್ಟು ಕಲಸಬೇಕು. ಸ್ವಲ್ಪ ಜಿಗುಟು ಇರಬೇಕು, ಆದ್ರೆ ಕೈಗೆ ಮೆತ್ತಬಾರದು. ತೋರಿಸ್ಕೊಡ್ತೀಯಾ?" ಎಂದಳು.

ಅಮ್ಮನಿಗೆ ಸಂತೋಷವೋ ಸಂತೋಷ. ರಾಕೆಟ್ ಆಫೀಸಿನವರಿಗೂ ತನ್ನ ಕೈಗುಣ ಬೇಕಾಯಿತಲ್ಲ! ಸೆರಗು ಸಿಕ್ಕಿಸಿಕೊಂಡು ಬೆಳಗಿನಿಂದ ಮಧ್ಯಾಹ್ನದವರೆಗೆ ನಾದಿದಳು. ಎಣ್ಣೆ ಎಷ್ಟು, ಬಿಸಿನೀರು ಯಾವಾಗ, ಎಷ್ಟು ಹೊತ್ತು ಮುಚ್ಚಿಡಬೇಕು, ಎಲ್ಲವನ್ನೂ ಹೇಳಿದಳು. ಅಕ್ಕ ಪ್ರತಿ ಉಂಡೆಯನ್ನೂ ಹಿಸುಕಿ, "ಇದಲ್ಲ, ಇನ್ನೂ ಸ್ವಲ್ಪ ಮೆತ್ತಗೆ", "ಹಾಂ, ಇದು, ಇದೇ!" ಎನ್ನುತ್ತಿದ್ದಳು. ಕೊನೆಗೆ ಅಮ್ಮ ಕೈ ತೊಳೆಯುತ್ತಾ, "ಮೇಲೆ ಹೋಗೋರ ಊಟಕ್ಕೇನೇ ಇದು?" ಎಂದು ಕೇಳಿದಳು.

ಅಕ್ಕ ನನ್ನ ಮುಖ ನೋಡಿದಳು. ನಾನು ಭಾವನ ಮುಖ ನೋಡಿದೆ. ಭಾವ ಎದ್ದು ಪಿಟೀಲು ಶ್ರುತಿ ಮಾಡಲು ಹೋಗಿಬಿಟ್ಟರು.

"ಊಟಕ್ಕಲ್ಲಮ್ಮ," ಎಂದಳು ಅಕ್ಕ. "ಊಟ ಆದ್ಮೇಲಿಂದು."

ಅರ್ಥವಾಗಲು ಅಮ್ಮನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಕೈಗೆ ಸಿಕ್ಕಿದ ಸೌಟು ಅಕ್ಕನ ತಲೆಯ ಪಕ್ಕದಿಂದ ಹಾರಿ ಗೋಡೆಗೆ ಬಡಿಯಿತು. "ಅನ್ನ ಕೊಟ್ಟ ಕೈಯಿಂದ ಇದನ್ನ ಮಾಡಿಸಿದ್ಯಲ್ಲೇ, ಹಾಳಾದೋಳೇ!" ಇಡೀ ವಾರ ಮುಖ ಊದಿಸಿಕೊಂಡಿದ್ದಳು. ವಾರದ ಕೊನೆಗೆ ತಾನಾಗಿಯೇ ಫೋನ್ ಮಾಡಿ, "ಸರಿಯಾಗಿ ಬಂತಾ?" ಎಂದು ಕೇಳಿದಳಂತೆ. "ಯಾವುದು?" ಎಂದು ಅಕ್ಕ ಕೇಳಿದರೆ, "ಅದೇ, ನನ್ನ ಹಿಟ್ಟು" ಎಂದಳಂತೆ. ಪ್ರಯೋಗಾಲಯದಲ್ಲಿ ಅದಕ್ಕೆ 'ಅಮ್ಮನ ಹದ' ಎಂದೇ ಹೆಸರು ಬಿತ್ತು. ಅದನ್ನು ಮಾತ್ರ ನಾವು ಅಮ್ಮನಿಗೆ ಹೇಳಲಿಲ್ಲ.

ಮೊದಲ ಮಾದರಿ ಸಿದ್ಧವಾದ ಮೇಲೆ ಅದನ್ನು ವಿಮಾನದಲ್ಲಿ ಪರೀಕ್ಷಿಸಿದರು. ವಿಮಾನವನ್ನು ಗುಡ್ಡ ಹತ್ತಿಸಿ ಇಳಿಸಿದ ಹಾಗೆ ಮೇಲಕ್ಕೂ ಕೆಳಕ್ಕೂ ಹಾರಿಸುತ್ತಾರೆ. ಗುಡ್ಡದ ನೆತ್ತಿ ದಾಟುವಾಗ ಒಂದಿಷ್ಟು ಹೊತ್ತು ಒಳಗಿದ್ದವರಿಗೆ ತೂಕವೇ ಇರುವುದಿಲ್ಲ. ಎಲ್ಲಿ ಸೋರಿತೆಂದು ಕಾಣಲಿ ಎಂದು ಅಕ್ಕ ನೀರಿಗೆ ನೀಲಿ ಬಣ್ಣ ಕಲಸಿದ್ದಳು. ಗ್ರಾಂ ಸಾಹೇಬರೂ ಬಿಳಿ ಅಂಗಿ ಹಾಕಿಕೊಂಡು ಜೊತೆಗೆ ಹೋಗಿದ್ದರು.

ತೂಕ ಮಾಯವಾಯಿತು, ನೀರು ಬಿಟ್ಟರು. ಡ್ರಮ್ಮು ಇನ್ನೂ ವೇಗ ಹಿಡಿಯುತ್ತಿತ್ತು. ನೀರು ಅದಕ್ಕಿಂತ ಮುಂಚೆಯೇ ಅಲ್ಲಿಗೆ ತಲುಪಿ, ಜಾಗ ಇಲ್ಲವೆಂದು ತಿಳಿದು, ಬಂದ ದಾರಿಯಲ್ಲೇ ಹೊರಟು ಬಂತು. ನಿಂಬೆಹಣ್ಣಿನ ಗಾತ್ರದ ನೀಲಿ ಗುಂಡುಗಳು ಕುಲುಕಾಡುತ್ತಾ ವಿಮಾನದ ತುಂಬ ತೇಲತೊಡಗಿದವು. ಒಂದು ಗುಂಡು ನಿಧಾನವಾಗಿ, ಬಹಳ ಮರ್ಯಾದೆಯಿಂದ, ಸಾಹೇಬರ ಕನ್ನಡಕದ ಮೇಲೆ ಕೂತು ಎರಡೂ ಗಾಜಿಗೆ ಹರಡಿಕೊಂಡಿತು. "ಯಾರಾದ್ರೂ ಇದನ್ನ ಒರೆಸ್ರಪ್ಪಾ" ಎಂದು ಅವರು ತಲೆಕೆಳಗಾಗಿ ತೇಲುತ್ತಾ ಕೂಗುತ್ತಿದ್ದಾಗಲೇ ತೂಕ ವಾಪಸು ಬಂತು. ಗಾಳಿಯಲ್ಲಿದ್ದ ನೀರೆಲ್ಲ ಒಟ್ಟಿಗೆ ಎಲ್ಲರ ತಲೆಯ ಮೇಲೆ ಸುರಿಯಿತು.

"ಅಷ್ಟು ಚೆಂದದ ಸೋಲನ್ನ ನಾನು ನೋಡೇ ಇಲ್ಲ ಕಣೇ," ಎಂದು ಅಕ್ಕ ಆಮೇಲೆ ನನಗೆ ಹೇಳಿದಳು. ಅವಳ ಕಿವಿಯ ಹಿಂದೆ ಇನ್ನೂ ನೀಲಿ ಉಳಿದಿತ್ತು. ಪರಿಹಾರ ವಿಮಾನದಿಂದ ಇಳಿಯುವಷ್ಟರಲ್ಲೇ ಹೊಳೆದಿತ್ತಂತೆ. ಮೂತ್ರ ಎಳೆದುಕೊಳ್ಳುವ ಕೊಳವೆಯನ್ನು ಹಳೆಯ ಟೆಲಿಫೋನಿನ ಹಾಗೆ ಕೊಕ್ಕೆಗೆ ನೇತುಹಾಕುವುದು. ಕೊಕ್ಕೆಯಿಂದ ಎತ್ತಿದರೆ ಸಾಕು, ಡ್ರಮ್ಮು ತಿರುಗತೊಡಗುತ್ತದೆ. ವೇಗ ಬಂದು, ಗಾಳಿಯ ಎಳೆತವೂ ಸರಿಹೋದ ಮೇಲೆ ಹಸಿರು ದೀಪ ಹತ್ತುತ್ತದೆ. ದೀಪ ಹತ್ತುವ ತನಕ ತಾಳ್ಮೆ.

ಯಂತ್ರ ದಾರಿಗೆ ಬಂತು. ಆದರೆ ಅಕ್ಕನಿಗೆ ಸಮಾಧಾನವಿರಲಿಲ್ಲ. ನೌಕೆಯಂತೆಯೇ ಕಟ್ಟಿದ ಮುಚ್ಚಿದ ಕೋಣೆಯಲ್ಲಿ ಯಾತ್ರಿಗಳು ಹಲವು ದಿನ ಇದ್ದು ಅಭ್ಯಾಸ ಮಾಡುತ್ತಿದ್ದರು. ಹೊರಗೆ ಬಂದ ಮೇಲೆ ಅಕ್ಕ ಒಬ್ಬೊಬ್ಬರನ್ನೂ ಕೇಳುವಳು: ಆಸನ ಹೇಗಿತ್ತು? ಪಟ್ಟಿ ಬಿಗಿಯಾಯಿತೇ? ಎಲ್ಲರದ್ದೂ ಒಂದೇ ಉತ್ತರ: "ಸರಿ ಇದೆ ಮೇಡಂ." ಕಣ್ಣು ಮಾತ್ರ ಗೋಡೆಯ ಕಡೆ.

"ಯಂತ್ರ ಸುಳ್ಳು ಹೇಳಲ್ಲ. ಸೋರಿದ್ರೆ ಸೋರ್ತೀನಿ ಅನ್ನುತ್ತೆ," ಎಂದು ಅಕ್ಕ ಗೊಣಗುತ್ತಿದ್ದಳು. "ಈ ಮನುಷ್ಯರು ಒಂದು ಹನೀನೂ ಬಿಟ್ಕೊಡಲ್ಲ."

ಯಾತ್ರಿಗಳಲ್ಲಿ ಒಬ್ಬಳು ಯುದ್ಧವಿಮಾನ ಹಾರಿಸಿದ್ದ ಪೈಲಟ್. ಗಿಡ್ಡಗಿನ, ಮಿತಭಾಷಿ ಹೆಣ್ಣು. ಅಕ್ಕ ಅವಳನ್ನು ಒಂದು ಸಂಜೆ ಊಟಕ್ಕೆ ಕರೆದಳು. ಅಮ್ಮನೂ ನಾನೂ ಇದ್ದೆವು. ಭಾವ ಸಂಗೀತದ ಮಾತಾಡಿದರು, ನಾನು ಹವಾಮಾನದ ಮಾತಾಡಿದೆ, ಪೈಲಟ್ ಎಲ್ಲಕ್ಕೂ ತಲೆಯಾಡಿಸಿದಳು. ಅಕ್ಕನಿಗೂ ಅಂದು ಯಾಕೋ ಹೇಗೆ ಶುರು ಮಾಡುವುದೆಂದು ತೋಚಲಿಲ್ಲ. ಆಗ ಅಮ್ಮ ಅವಳ ತಟ್ಟೆಗೆ ಇನ್ನೊಂದಿಷ್ಟು ಬಡಿಸುತ್ತಾ ಕೇಳಿಯೇಬಿಟ್ಟಳು:

"ಅಲ್ಲಮ್ಮಾ ಪೈಲಟಮ್ಮಾ, ಇವಳು ಮಾಡಿರೋದ್ರಲ್ಲಿ ನಿಂಗೆ ಸಲೀಸಾಗಿ ಹೋಗಕ್ಕಾಗುತ್ತಾ?"

ಭಾವನಿಗೆ ನೀರು ನೆತ್ತಿಗೇರಿತು. ಊಟದ ಹೊತ್ತಲ್ಲಿ ಆ ಮಾತು ಬೇಡವೆಂದು ವರ್ಷಗಟ್ಟಲೆ ಗದರಿದ್ದವಳು ಇವಳೇನಾ ಎಂದು ನಾನು ಬಾಯಿ ತೆರೆದು ಕೂತೆ. ಪೈಲಟ್ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟಳು. ಅಮ್ಮನನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ಇಲ್ಲಮ್ಮ" ಎಂದಳು.

ಕಟ್ಟೆ ಒಡೆಯಿತು. ಕಾಲಿಡುವ ಸರಳು ಅವಳಿಗೆ ಎಟುಕುವುದೇ ಇಲ್ಲವಂತೆ. ಎತ್ತರದ ಗಂಡಸರ ಅಳತೆಗೆ ಮಾಡಿದ್ದು. ಕೊಳವೆಯ ಬಾಯಿ ಹೆಂಗಸರ ಮೈಗೆ ಕೂರುವುದಿಲ್ಲ. ಎಲ್ಲಕ್ಕಿಂತ ಆ ಫ್ಯಾನು! "ಶುರು ಆದ ಕೂಡ್ಲೇ ಎಲ್ರಿಗೂ ಗೊತ್ತಾಗುತ್ತೆ ಮೇಡಂ, ನಾನೆಲ್ಲಿದೀನಿ ಅಂತ. ಬರೀ ಒಂದು ಪರದೆ ಆಚೆ ಇಬ್ಬರು ಗಂಡಸರು. ಅದಕ್ಕೆ ನಾನು ನೀರು ಕುಡಿಯೋದೇ ಕಮ್ಮಿ ಮಾಡಿದೀನಿ."

ಅಲ್ಲಿಯವರೆಗೆ ತಲೆಯಾಡಿಸುತ್ತಿದ್ದ ಅಕ್ಕ ತಟ್ಟೆ ಪಕ್ಕಕ್ಕೆ ಸರಿಸಿದಳು. ನೀರು ಕಡಿಮೆಯಾದರೆ ಮೂತ್ರಪಿಂಡಕ್ಕೆ ಪೆಟ್ಟು, ತಲೆಸುತ್ತು. ಇಳಿಯುವ ಹೊತ್ತಿಗೆ ನೌಕೆ ನಡೆಸುವವಳೇ ಬಿದ್ದರೆ ಮೂವರ ಪ್ರಾಣಕ್ಕೂ ಕುತ್ತು. "ನನ್ನ ಯಂತ್ರಕ್ಕೆ ಹೆದರಿ ನೀವು ಬಾಯಾರಿಕೊಂಡಿರ್ತೀರಾ?" ಎಂದು ಕೇಳಿದಳು. ಅಮ್ಮ ಪೈಲಟ್‌ಳ ಲೋಟಕ್ಕೆ ತುಂಬ ನೀರು ಸುರಿದು ಮುಂದಕ್ಕೆ ತಳ್ಳಿದಳು. ಅವಳು ಒಂದೇ ಗುಟುಕಿಗೆ ಕುಡಿದಳು.

ಮರುದಿನದಿಂದ ಆ ಇಬ್ಬರೂ ಅಂಟಿಕೊಂಡಂತೆ ಕೆಲಸ ಮಾಡಿದರು. ಕಾಲಿನ ಸರಳು ಹಿಂದೆ ಮುಂದೆ ಸರಿಯುವಂತಾಯಿತು. ಕೊಳವೆಯ ಬಾಯಿಗೆ ಹೊಸ ಹೊಸ ಆಕಾರಗಳನ್ನು ಎರಕ ಹೊಯ್ದರು. ಪೈಲಟ್ ಒಂದೊಂದನ್ನೂ ಒಪ್ಪದೆ ವಾಪಸು ಕಳಿಸಿದಳು, ಕೊನೆಗೊಂದನ್ನು ಒಪ್ಪಿದಳು. ಸದ್ದೊಂದೇ ಉಳಿದದ್ದು. ಫ್ಯಾನಿನ ಸುತ್ತ ದಪ್ಪ ಹೊದಿಕೆ ಹಾಕೋಣವೆಂದರೆ ಗ್ರಾಂ ಸಾಹೇಬರು ತಕ್ಕಡಿ ತೋರಿಸಿದರು. ಅಕ್ಕ ಬೇರೆ ಉಪಾಯ ಹೂಡಿದಳು: ನೌಕೆಯೊಳಗೆ ಗಾಳಿಯಾಡಿಸುವ ಫ್ಯಾನು ಹೇಗೂ ಹಗಲು ರಾತ್ರಿ ಗುಂಯ್ ಎನ್ನುತ್ತಿರುತ್ತದೆ, ಇದೂ ಅದೇ ಸ್ವರದಲ್ಲಿದ್ದರೆ ಶುರುವಾದದ್ದು ಕಿವಿಗೆ ಗೊತ್ತೇ ಆಗುವುದಿಲ್ಲವಲ್ಲ?

ಮೊದಲ ಸಲ ಹಾಗೆ ಮಾಡಿದಾಗ ಮುಂಚಿಗಿಂತ ಕೆಟ್ಟದಾಯಿತು. ವ್ವೂಂ... ವ್ವೂಂ... ಎಂದು ಏರಿಳಿಯುವ ಸದ್ದು. ಅದನ್ನು ಫೋನಿನಲ್ಲಿ ಹಿಡಿದುಕೊಂಡು ಬಂದು ಮನೆಯಲ್ಲಿ ಕೇಳಿಸಿದಳು. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇದು ನನ್ನ ಹೊಸ ಶಿಷ್ಯರ ಪಿಟೀಲು ಕಣೇ! ಎರಡು ತಂತಿ ಸೇರೋದಕ್ಕೆ ಕೂದಲೆಳೆ ಬಾಕಿ ಇದ್ರೆ ಹೀಗೇ ಆಗೋದು."

"ಗೊತ್ತು ರೀ, ಪುಸ್ತಕದಲ್ಲೂ ಅದೇ ಇದೆ. ವೇಗ ಒಂದು ಚೂರು ಆಚೀಚೆ ಆಗ್ತಿದೆ."

"ಹಾಗಾದ್ರೆ ಇಬ್ಬರಿಗೂ ಒಬ್ಬನೇ ತಾಳ ಹಾಕ್ಲಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎರಡು ಫ್ಯಾನುಗಳನ್ನೂ ಒಂದೇ ನಿಯಂತ್ರಕದಿಂದ ನಡೆಸಿದಾಗ ಏರಿಳಿತ ಹೋಯಿತು. ತೂಕವೂ ಒಂದಿಷ್ಟು ಉಳಿಯಿತು. ಗ್ರಾಂ ಸಾಹೇಬರು ಅಂದು ಜೀವಮಾನದಲ್ಲಿ ಮೊದಲ ಬಾರಿಗೆ ಎಲ್ಲರಿಗೂ ಕಾಫಿ ಕೊಡಿಸಿದರಂತೆ.

ನೌಕೆ ಹಾರಿತು. ಬೆಂಕಿ, ಹೊಗೆ, ಚಪ್ಪಾಳೆ ಎಲ್ಲವನ್ನೂ ಎಲ್ಲರೂ ಟಿವಿಯಲ್ಲಿ ನೋಡಿದರು. ಮರುದಿನ ಬೆಳಗ್ಗೆ ನಡೆದದ್ದನ್ನು ಮಾತ್ರ ಟಿವಿಯವರು ತೋರಿಸಲಿಲ್ಲ. ಮನೆಯವರಿಗೆಂದು ನಿಯಂತ್ರಣ ಕೋಣೆಯ ಹಿಂದೆ ಗಾಜಿನ ಗ್ಯಾಲರಿ ಇತ್ತು; ಅಲ್ಲಿ ಅಮ್ಮ, ಭಾವ, ನಾನು ಕೂತಿದ್ದೆವು. ಮೇಲಿನವರ ಮಾತು ಸ್ಪೀಕರಿನಲ್ಲಿ ಕೇಳುತ್ತಿತ್ತು.

ಇದ್ದಕ್ಕಿದ್ದಂತೆ ಪೈಲಟ್‌ಳ ದನಿ ಬಂತು: ಹಸಿರು ದೀಪ ಹತ್ತುತ್ತಿಲ್ಲ. ಯಾತ್ರಿಗಳೊಂದಿಗೆ ಮಾತಾಡುವ ಅಧಿಕಾರಿ ಬಲು ಸಭ್ಯ ಯುವಕ. ಮೈಕು ಹಿಡಿದು, "ತ್ಯಾಜ್ಯ ಸಂಗ್ರಹ ಘಟಕದಲ್ಲಿ ಯಾವ ಸ್ವರೂಪದ ಅಸಹಜತೆ ಕಂಡುಬಂದಿದೆ?" ಎಂದ.

"ಅಂದ್ರೆ?" ಎಂದಿತು ಸ್ಪೀಕರು.

ಅವನ ಕಿವಿಯವರೆಗೂ ಕೆಂಪೇರಿತು. ಗ್ರಾಂ ಸಾಹೇಬರು ಅವನ ಭುಜ ತಟ್ಟಿ, ಅಕ್ಕನನ್ನು ಮೈಕಿನ ಮುಂದೆ ಕೂರಿಸಿದರು.

"ಪೈಲಟಮ್ಮಾ, ನಾನು. ಎಳೀತಿಲ್ವಾ?"

"ಎಳೀತಿದೆ ಮೇಡಂ, ಆದ್ರೆ ಸೋಮಾರಿ ಥರ. ಬಾಯಿ ಹತ್ರ ಹನಿ ನಿಂತ್ಕೋತಿದೆ."

"ಸದ್ದು ಹೇಗಿದೆ?"

"ಮೂಗು ಕಟ್ಟಿದೋರ ಥರ."

"ಮೂಗು ಕಟ್ಟಿದ್ರೆ ಮೂಗೇ ನೋಡ್ಬೇಕಪ್ಪಾ!" ಎಂದು ಗಾಜಿನ ಈಚೆ ಅಮ್ಮ ಕೂಗಿದಳು. ಆಚೆಗೆ ಕೇಳುವಂತಿರಲಿಲ್ಲ, ಆದರೂ ಅಕ್ಕ ಹೇಳಿದ್ದು ಅದನ್ನೇ. ಗಾಳಿ ಒಳಹೋಗುವ ಕಡೆ ಒಂದು ಜಾಲರಿ ಇದೆ, ಅದರ ಮುಚ್ಚಳ ತೆಗೆದು ನೋಡಲು ಹೇಳಿದಳು. ಮುಚ್ಚಳ ಕಳಚಿದ ಸದ್ದು ಬಂತು.

"ಅಯ್ಯಯ್ಯೋ! ಇಲ್ಲೊಂದು ಬೆಕ್ಕಿನ ಮರಿ ಇದೆ ಮೇಡಂ."

"ಏನು?"

"ನೂಲು, ನೂಲು! ಟವೆಲ್ಲಿಂದು, ಬಟ್ಟೇದು, ಎಲ್ಲಾ ಸೇರಿ ಉಂಡೆ ಆಗಿದೆ."

ಅಕ್ಕ ಹಣೆ ಬಡಿದುಕೊಂಡಳು. ಹೊಸ ಟವೆಲಿನಿಂದ ಉದುರುವ ನೂಲು ಇಲ್ಲಿ ನೆಲಕ್ಕೆ ಬೀಳುತ್ತದೆ, ಗುಡಿಸಿದರೆ ಮುಗಿಯಿತು. ಅಲ್ಲಿ ಅದು ತೇಲಿ ತೇಲಿ, ಗಾಳಿ ಎಲ್ಲಿ ಎಳೆಯುತ್ತದೋ ಅಲ್ಲಿಗೇ ಬಂದು ಸೇರುತ್ತದೆ. ಅಷ್ಟೆಲ್ಲ ಯೋಚಿಸಿದವಳಿಗೆ ಇದು ಹೊಳೆದಿರಲಿಲ್ಲ. "ಅಂಟುಪಟ್ಟಿ ತಗೊಂಡು ಒತ್ತಿ ಒತ್ತಿ ತೆಗೀರಿ. ಉಜ್ಜಬೇಡಿ, ಒಳಗೆ ಹೋಗುತ್ತೆ" ಎಂದಳು.

ಸ್ವಲ್ಪ ಹೊತ್ತಿನ ಮೇಲೆ ಗುಂಯ್ ಎನ್ನುವ ಹಿತವಾದ ಸ್ವರ ಸ್ಪೀಕರಿನಲ್ಲಿ ತುಂಬಿಕೊಂಡಿತು. ಭಾವ ಕಣ್ಣು ಮುಚ್ಚಿ, "ಶ್ರುತಿ ಸೇರ್ತು" ಎಂದರು.

"ಹಸಿರು ದೀಪ ಬಂತು," ಎಂದಳು ಪೈಲಟ್. "ಇನ್ನು ದಯವಿಟ್ಟು ಎಲ್ಲರೂ ಮೈಕ್ ಆಫ್ ಮಾಡಿ. ನನಗೆ ಅರ್ಜೆಂಟ್ ಕೆಲಸ ಇದೆ."

ನಿಯಂತ್ರಣ ಕೋಣೆಗೆ ಕೋಣೆಯೇ ಎದ್ದು ಚಪ್ಪಾಳೆ ತಟ್ಟಿತು. ನೌಕೆ ಹಾರಿದಾಗಲೂ ಅಷ್ಟು ಜೋರಾಗಿ ತಟ್ಟಿರಲಿಲ್ಲ. ಅಕ್ಕ ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದಳು. ಭುಜ ಕುಲುಕುತ್ತಿದ್ದುದನ್ನು ಗಾಜಿನ ಈಚೆಯಿಂದ ನೋಡಿ ಅಮ್ಮ, "ಅಳ್ತಿದಾಳೇನೇ?" ಎಂದು ನನ್ನನ್ನು ತಿವಿದಳು. ಎರಡೂ ಇದ್ದಿರಬೇಕು.

ಮೂವರೂ ಸುಖವಾಗಿ ಇಳಿದರು. ವೈದ್ಯರು ಪರೀಕ್ಷಿಸಿ, ಮೈಯಲ್ಲಿ ನೀರಿನಂಶ ಎಷ್ಟಿರಬೇಕೋ ಅಷ್ಟಿದೆ ಎಂದರು. ಆ ಸುದ್ದಿ ಕೇಳಿದ ಮೇಲೆಯೇ ಅಕ್ಕ ಮನೆಗೆ ಬಂದು ಕಣ್ತುಂಬ ನಿದ್ದೆ ಮಾಡಿದ್ದು.

ಈಗ ಅವಳಿಗೆ ನೌಕೆಯ ಬಾಗಿಲು ಕೊಡುತ್ತೇವೆಂದರು. ಬೇಡವೆಂದಳು. ಮುಂದಿನ ಯಾತ್ರೆಗಳು ತಿಂಗಳುಗಟ್ಟಲೆ ನಡೆಯುವಂಥವು. ಅಷ್ಟು ನೀರು ಹೊತ್ತೊಯ್ಯುವುದು ಆಗದ ಮಾತು. ಮೈಯಿಂದ ಹೊರಗೆ ಹೋದ ನೀರನ್ನೇ ಶುದ್ಧ ಮಾಡಿ ಮತ್ತೆ ಕುಡಿಯಲು ಕೊಡಬೇಕು. ಅಕ್ಕ ಅದರಲ್ಲಿ ಮುಳುಗಿದ್ದಾಳೆ. ಕಳೆದ ತಿಂಗಳು ಮನೆಯವರೆಲ್ಲ ಬಂದು ನೋಡಬಹುದೆಂದು ಪ್ರಯೋಗಾಲಯ ತೆರೆದಿಟ್ಟಿದ್ದರು. ಪೈಲಟಮ್ಮನೂ ಬಂದಿದ್ದಳು. ಕೊಳವೆ, ಸೋಸುಕಗಳ ಕಾಡು ದಾಟಿ ಕೊನೆಗೊಂದು ನಲ್ಲಿ. ಅದರ ಮುಂದೆ ಲೋಟಗಳ ಸಾಲು. ಅಕ್ಕ ಒಂದೊಂದಕ್ಕೂ ನೀರು ಹಿಡಿದಳು.

ಭಾವ, ತಾವು ಹಾಡುವವರೇ ಅಲ್ಲದಿದ್ದರೂ, "ಸಂಜೆ ಕಛೇರಿ ಇದೆ, ಗಂಟಲು ನೋಡ್ಕೋಬೇಕು" ಎಂದು ಹಿಂದೆ ಸರಿದರು. ಅಮ್ಮ ಲೋಟ ಎತ್ತಿ ಬೆಳಕಿಗೆ ಹಿಡಿದಳು. ಮೂಸಿದಳು.

"ಇದು ಯಾರದ್ದೇ?"

"ಎಲ್ಲರದ್ದೂ ಸೇರಿದೆ ಅಮ್ಮ. ಇಡೀ ವಿಭಾಗದ್ದು."

"ಸಾಹೇಬರದ್ದೂ?"

"ಹೌದಮ್ಮ, ನನ್ನದೂ ಇದೆ," ಎಂದರು ಪಕ್ಕದಲ್ಲೇ ನಿಂತಿದ್ದ ಗ್ರಾಂ ಸಾಹೇಬರು, ಬಹಳ ವಿನಯದಿಂದ.

ಅಮ್ಮ ಅವರನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿ ಗಟಗಟನೆ ಕುಡಿದು, ಲೋಟ ಕೆಳಗಿಟ್ಟು, ಬಾಯಿ ಚಪ್ಪರಿಸಿದಳು. ಸುತ್ತ ನಿಂತಿದ್ದವರೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು.

"ಸಪ್ಪೆ," ಎಂದಳು. "ಚೂರು ಉಪ್ಪಿನಂಶ ಬೇಕು."

ಅಕ್ಕ ಸಾಹೇಬರ ಕಡೆ ತಿರುಗಿ, "ನೋಡಿ ಸಾರ್, ಲವಣ ಸೇರಿಸೋಣ ಅಂತ ನಾನೂ ಅದೇ ಹೇಳ್ತಿದ್ದೆ" ಎಂದಳು. "ಎಷ್ಟು ಗ್ರಾಂ?" ಎಂದು ಅವರು ಶುರುಮಾಡಿದರು. ಅವರಿಬ್ಬರ ವಾದ ನಡೆಯುತ್ತಿದ್ದ ಹಾಗೆಯೇ ಪೈಲಟಮ್ಮ ಇನ್ನೊಂದು ಲೋಟ ತುಂಬಿಸಿ ನನ್ನ ಕೈಗೆ ಕೊಟ್ಟಳು. ನಾನು ಕಣ್ಣು ಮುಚ್ಚಿಕೊಂಡು ಕುಡಿದೆ. ತಣ್ಣಗಿತ್ತು.